ಆನೋಡ್ ಇಲ್ಲದ ಸೆಲ್‌ನಲ್ಲಿ ಲಿಥಿಯಂ ಎಲ್ಲಿ ಸೋರಿಹೋಗುತ್ತದೆ?

ಆನೋಡ್‌ರಹಿತ ಬ್ಯಾಟರಿ ಎಂಬ ಹೆಸರು ತುಸು ದಾರಿ ತಪ್ಪಿಸುವಂಥದ್ದು. ಸೆಲ್ ಜೋಡಿಸುವಾಗ ಋಣಧ್ರುವದಲ್ಲಿ ಬರಿಯ ತಾಮ್ರದ ಹಾಳೆಯಿರುತ್ತದೆ. ಮೊದಲ ಚಾರ್ಜಿನಲ್ಲಿ ಕ್ಯಾಥೋಡಿನಿಂದ ಹೊರಟ ಲಿಥಿಯಂ ಅಯಾನುಗಳು ಅದರ ಮೇಲೆ ಲೋಹವಾಗಿ ಕೂತು ಆನೋಡ್ ಆಗುತ್ತವೆ. ಸಾಮಾನ್ಯ ಲಿಥಿಯಂ ಬ್ಯಾಟರಿಗಳಲ್ಲಿ ಆನೋಡ್ ಆಗಿರುವ ಗ್ರಾಫೈಟಿನ ಧಾರಣಶಕ್ತಿ ಗ್ರಾಂಗೆ 372 ಮಿಲಿಆಂಪಿಯರ್-ಗಂಟೆಯಾದರೆ ಲಿಥಿಯಂ ಲೋಹದ್ದು 3,860. ಈ ವಿನ್ಯಾಸದ ಆಕರ್ಷಣೆ ಅಲ್ಲಿದೆ.

ಕಷ್ಟವಿರುವುದು ಲೆಕ್ಕದಲ್ಲಿ. ದಪ್ಪ ಲಿಥಿಯಂ ಹಾಳೆಯಿಟ್ಟು ಮಾಡುವ ಪರೀಕ್ಷೆಯಲ್ಲಿ ಚಾರ್ಜ್-ಡಿಸ್ಚಾರ್ಜಿನ ಪ್ರತಿ ಸುತ್ತಿನ ನಷ್ಟವನ್ನು ಆ ಹಾಳೆಯ ದಾಸ್ತಾನು ಸದ್ದಿಲ್ಲದೆ ತುಂಬಿಕೊಡುತ್ತದೆ; ಇಲ್ಲಿ ಅಂಥ ದಾಸ್ತಾನಿಲ್ಲ. ಶೇ 99ರ ಕುಲಾಂಬಿಕ್ ದಕ್ಷತೆ (ಚಾರ್ಜಿನಲ್ಲಿ ಕೂತ ಲಿಥಿಯಂನಲ್ಲಿ ಡಿಸ್ಚಾರ್ಜಿನಲ್ಲಿ ಮರಳಿ ಸಿಗುವ ಪಾಲು) ಸಿಕ್ಕಿತೆಂದು ಹಿಗ್ಗಿ ಬರುವ ವಿದ್ಯಾರ್ಥಿಗೆ ನಾನು ಮೊದಲು ಗುಣಾಕಾರ ಮಾಡಿಸುತ್ತೇನೆ: 100 ಸುತ್ತುಗಳ ನಂತರ ಉಳಿಯುವುದು ಸುಮಾರು ಶೇ 37 ಮಾತ್ರ. 500 ಸುತ್ತುಗಳ ಬಳಿಕ ಶೇ 80 ಉಳಿಯಬೇಕಾದರೆ ದಕ್ಷತೆ ಶೇ 99.95ನ್ನು ಮೀರಿರಬೇಕು.

ತಾಮ್ರ ಲಿಥಿಯಂನಲ್ಲಿ ಕರಗುವುದಿಲ್ಲವಾದ್ದರಿಂದ ಲಿಥಿಯಂನ ಮೊದಲ ಕಣಗಳು ನೆಲೆಗೊಳ್ಳಲು ಹೆಚ್ಚುವರಿ ವಿಭವ ಬೇಕು. ವೋಲ್ಟೇಜ್ ರೇಖೆಯಲ್ಲಿ ಅದು ಕ್ಷಣಕಾಲದ ಚೂಪಾದ ಕುಸಿತವಾಗಿ ಕಾಣುತ್ತದೆ. ಲಿಥಿಯಂನಲ್ಲಿ ಕರಗಬಲ್ಲ ಚಿನ್ನ ಅಥವಾ ಬೆಳ್ಳಿಯನ್ನು ಲೇಪಿಸಿದರೆ ಆ ಕುಸಿತ ಬಹುಮಟ್ಟಿಗೆ ಮಾಯವಾಗುತ್ತದೆ. ಆದರೂ ಲೇಪನಗಳಿಗೆ ಸಿಗುವ ಹೊಗಳಿಕೆ ಅತಿಯಾಯಿತೆಂದು ನನ್ನ ಅಭಿಪ್ರಾಯ. ತಾಮ್ರ ಮುಚ್ಚಿಹೋದ ಮೇಲೆ ಲಿಥಿಯಂ ಬೆಳೆಯುವುದು ಲಿಥಿಯಂ ಮೇಲೆಯೇ, ಮತ್ತು ಆ ಬೆಳವಣಿಗೆಯನ್ನು ಆಳುವುದು ಎಲೆಕ್ಟ್ರೋಲೈಟ್ (ಅಯಾನುಗಳನ್ನು ಸಾಗಿಸುವ ದ್ರಾವಣ) ಒಡೆದು ಉಂಟಾಗುವ ಎಸ್‌ಇಐ ಎಂಬ ತೆಳುಪೊರೆ.

ಚದರ ಸೆಂಟಿಮೀಟರಿಗೆ 4 ಮಿಲಿಆಂಪಿಯರ್-ಗಂಟೆಯಷ್ಟು ಲಿಥಿಯಂ ಕೂತರೆ, ಅದು ಒತ್ತಾಗಿ ಕೂತಾಗಲೂ ಪದರದ ದಪ್ಪ ಸುಮಾರು 20 ಮೈಕ್ರೋಮೀಟರ್; ಪ್ರತಿ ಸುತ್ತಿನಲ್ಲೂ ಅಷ್ಟು ಉಬ್ಬಿ ಅಷ್ಟೇ ಇಳಿಯುವ ಮೈಯ ಮೇಲೆ ಪೊರೆ ಬಿರಿಯುತ್ತದೆ, ಬಿರುಕಿನಲ್ಲಿ ಹೊಸ ಲೋಹ ತೆರೆದುಕೊಂಡು ಎಲೆಕ್ಟ್ರೋಲೈಟನ್ನು ಮತ್ತಷ್ಟು ತಿನ್ನುತ್ತದೆ. ಸಾಮಾನ್ಯ ಕಾರ್ಬೊನೇಟ್ ದ್ರಾವಕಗಳಲ್ಲಿ ಲಿಥಿಯಂ ಪಾಚಿಯಂತೆ ಎಳೆಎಳೆಯಾಗಿ ಬೆಳೆಯುತ್ತದೆ. ಎಲ್‌ಐಎಫ್‌ಎಸ್‌ಐ ಎಂಬ, ಫ್ಲೋರಿನ್ ಇರುವ ಲಿಥಿಯಂ ಲವಣವನ್ನು ಈಥರಿನಲ್ಲಿ ಸಾಂದ್ರವಾಗಿ ಬೆರೆಸಿದಾಗ ಲವಣದ ಋಣ ಅಯಾನುಗಳೇ ಲಿಥಿಯಂ ಅಯಾನನ್ನು ಸುತ್ತುವರಿದು, ದ್ರಾವಕಕ್ಕಿಂತ ಮುಂಚೆ ಒಡೆದು, ಲಿಥಿಯಂ ಫ್ಲೋರೈಡ್ ಹೇರಳವಾಗಿರುವ ಪೊರೆಯನ್ನು ಕಟ್ಟುತ್ತವೆ. ಆಗ ಲೋಹ ದಪ್ಪ ಹರಳುಗಳಾಗಿ ಕೂರುವುದರಿಂದ ಎಲೆಕ್ಟ್ರೋಲೈಟಿಗೆ ತಾಗುವ ಮೈ ಕಡಿಮೆಯಾಗುತ್ತದೆ.

ಪಾಚಿಯಂಥ ಲಿಥಿಯಂನಲ್ಲಿ ಇನ್ನೊಂದು ನಷ್ಟವಿದೆ. ಡಿಸ್ಚಾರ್ಜ್ ಆಗುವಾಗ ಎಳೆಯ ಬುಡವೇ ಮೊದಲು ಕರಗಿದರೆ ತುದಿಗೆ ವಿದ್ಯುತ್ ಸಂಪರ್ಕ ಕಡಿದು, ಅದು ಪೊರೆಯೊಳಗೆ ಸತ್ತ ಲಿಥಿಯಂ ಆಗಿ ಉಳಿಯುತ್ತದೆ. ಬಳಸಿದ ಹಾಳೆಗೆ ನೀರು ಸೇರಿಸಿದಾಗ ಲೋಹರೂಪದ ಲಿಥಿಯಂನಿಂದ ಹೈಡ್ರೋಜನ್ ಹೊರಬರುತ್ತದೆ. ಆ ಅನಿಲವನ್ನು ಅಳೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ನಿಷ್ಕ್ರಿಯಗೊಂಡ ಲಿಥಿಯಂನಲ್ಲಿ ಪೊರೆಯ ಸಂಯುಕ್ತಗಳಿಗಿಂತ ಇಂಥ ಲೋಹದ ಪಾಲೇ ಹೆಚ್ಚೆಂದು ತೋರಿಸಿತು. ಸೆಲ್ ಮೇಲೆ ಒತ್ತಡ ಹೇರಿದರೆ ಪ್ರಯೋಜನವಾಗುವುದೂ ಇದೇ ಕಾರಣಕ್ಕೆ: ಎಳೆಗಳು ಒತ್ತೊತ್ತಾಗಿ ಕೂತು ಸಂಪರ್ಕ ಉಳಿಸಿಕೊಳ್ಳುತ್ತವೆ.

ಚಾರ್ಜ್ ಆದ ಸೆಲ್ ಸುಮ್ಮನಿದ್ದಾಗಲೂ ಸೋರಿಕೆ ನಿಲ್ಲುವುದಿಲ್ಲ, ಏಕೆಂದರೆ ಮುಚ್ಚದೆ ಉಳಿದ ತಾಮ್ರ ಮತ್ತು ಪಕ್ಕದ ಲಿಥಿಯಂ ಸೇರಿ ಗ್ಯಾಲ್ವಾನಿಕ್ ಜೋಡಿಯಾಗಿ, ಅಂದರೆ ತಮ್ಮೊಳಗೇ ಪುಟ್ಟ ಬ್ಯಾಟರಿಯಂತಾಗಿ, ಲಿಥಿಯಂ ಸವೆಯುತ್ತಿರುತ್ತದೆ. ಆದ್ದರಿಂದ ಸುತ್ತುಗಳ ಸಂಖ್ಯೆಯನ್ನು ಯಾರಾದರೂ ನನ್ನ ಮುಂದಿಟ್ಟಾಗ, ಚಾರ್ಜಿಗೂ ಡಿಸ್ಚಾರ್ಜಿಗೂ ನಡುವೆ ಸೆಲ್‌ಗೆ ಎಷ್ಟು ಗಂಟೆ ಬಿಡುವು ಕೊಟ್ಟಿದ್ದರು, ಎಲೆಕ್ಟ್ರೋಲೈಟ್ ಎಷ್ಟು ಸುರಿದಿದ್ದರು ಎಂಬುದನ್ನು ಕೇಳುತ್ತೇನೆ.