ಪದ ಪರಿಚಯ: ಪವರ್ ಬಜೆಟ್

ಪ್ರೋಗ್ರಾಂ ಓಡಿಸುವ ಪುಟ್ಟ ಆರ್ಡುಯಿನೊ ಬೋರ್ಡು, ಬೆಸುಗೆಯಿಲ್ಲದೆ ವೈರು ಸಿಕ್ಕಿಸುವ ಬ್ರೆಡ್‌ಬೋರ್ಡು, ಒಂದೆರಡು ಸೆನ್ಸರ್. ಇದನ್ನೆಲ್ಲ ಲ್ಯಾಪ್‌ಟಾಪ್ ಜೊತೆ ಬ್ಯಾಗಿಗೆ ಹಾಕಿಕೊಂಡು ಹೋಗುವ ಹಾಗೆ ಮಾಡಬೇಕು ಅಂದ ತಕ್ಷಣ ಎಲ್ಲರೂ ಹುಡುಕುವುದು ಒಳ್ಳೆಯ ಡಬ್ಬಿ. ಡಬ್ಬಿ ಆಮೇಲೆ ನೋಡೋಣ. ಮೊದಲು ಹಾಕಬೇಕಾದದ್ದು ಪವರ್ ಬಜೆಟ್.

ಪವರ್ ಬಜೆಟ್ ಅಂದರೆ ಕರೆಂಟಿನ ಲೆಕ್ಕ. ಎಷ್ಟು ಸಿಗುತ್ತದೆ, ಯಾವ ಭಾಗ ಎಷ್ಟು ಎಳೆಯುತ್ತದೆ, ಎಲ್ಲ ಒಟ್ಟಿಗೆ ಓಡಿದರೆ ಸಾಲುತ್ತದೆಯೇ ಎಂದು ಮೊದಲೇ ಕೂಡಿ ನೋಡುವುದು. ಮನೆಯಲ್ಲಿ ಯುಪಿಎಸ್ ಇರುವ ಬೆಂಗಳೂರಿನವರಿಗೆ ಇದು ಹೊಸದಲ್ಲ. ಲೈಟು, ಫ್ಯಾನು, ವೈಫೈ ಅದರ ಮೇಲೆ ಓಡುತ್ತವೆ. ಗೀಸರನ್ನು ಯಾರೂ ಅದಕ್ಕೆ ಕೊಡುವುದಿಲ್ಲ, ಅಲ್ವಾ?

ಗೋಡೆಯ ಅಡಾಪ್ಟರ್ ಬಿಟ್ಟು ಹೊರಟರೆ ಉಳಿಯುವುದು ಲ್ಯಾಪ್‌ಟಾಪಿನ ಯುಎಸ್‌ಬಿ ಪೋರ್ಟು. ಯುಎಸ್‌ಬಿ 2.0 ನಿಯಮದ ಪ್ರಕಾರ ಅದು ಕೊಡುವುದು 5 ವೋಲ್ಟ್, ಹೆಚ್ಚೆಂದರೆ 500 ಮಿಲಿಆಂಪ್. ಗುಣಿಸಿದರೆ ಎರಡೂವರೆ ವಾಟ್. ಯುಎಸ್‌ಬಿ 3.0 ಪೋರ್ಟಿನಲ್ಲಿ 900 ಮಿಲಿಆಂಪ್ ಸಿಗುತ್ತದೆ. ಆದರೆ ಆರ್ಡುಯಿನೊದ ಊನೊ ಆರ್3 ಮಾದರಿ ಬಳಸುವವರು ಅದಕ್ಕೆ ಖುಷಿಪಡಬೇಕಿಲ್ಲ. ಆ ಬೋರ್ಡಿನ ಯುಎಸ್‌ಬಿ ದಾರಿಯಲ್ಲೇ 500 ಮಿಲಿಆಂಪಿನ ಫ್ಯೂಸ್ ಕೂತಿದೆ. ಅದಕ್ಕಿಂತ ಜಾಸ್ತಿ ಎಳೆದರೆ ಬಿಸಿಯಾಗಿ ಕರೆಂಟ್ ತಡೆಯುತ್ತದೆ, ತಣ್ಣಗಾದ ಮೇಲೆ ಮತ್ತೆ ಬಿಡುತ್ತದೆ.

ಇನ್ನು ಖರ್ಚು. ಊನೊ ಬೋರ್ಡಿಗೇ ಸುಮಾರು 50 ಮಿಲಿಆಂಪ್ ಬೇಕು. ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರಿಗೆ 15, ಉಷ್ಣತೆ ನೋಡುವ ಡಿಎಚ್‌ಟಿ11ಗೆ ಎರಡೂವರೆ. ಹಿಂಬೆಳಕಿನ ಎಲ್‌ಸಿಡಿ ಸೇರಿಸಿದರೂ ಆರಾಮಾಗಿ ಹಿಡಿಸುತ್ತದೆ. ಬರೀ ಸೆನ್ಸರ್ ಆಟ ಆಡುವವರು ಇಲ್ಲಿಗೇ ಓದು ನಿಲ್ಲಿಸಿ ಡಬ್ಬಿ ಹುಡುಕಲು ಹೋಗಬಹುದು!

ತಕರಾರು ಶುರುವಾಗುವುದು ಏನಾದರೂ ತಿರುಗಬೇಕು ಅಥವಾ ಹೊಳೆಯಬೇಕು ಅಂದಾಗ. ಡಬ್ಲ್ಯುಎಸ್2812 ಮಾದರಿಯ ಬಣ್ಣದ ಎಲ್‌ಇಡಿ ಪೂರ್ತಿ ಬಿಳಿಯಾಗಿ ಹೊತ್ತಿಕೊಂಡರೆ ಒಂದೊಂದೂ ಸುಮಾರು 60 ಮಿಲಿಆಂಪ್ ಎಳೆಯುತ್ತದೆ. ಮೂವತ್ತು ಎಲ್‌ಇಡಿಗಳ ಪಟ್ಟಿಗೆ 1.8 ಆಂಪ್ ಆಯಿತು. ಪೋರ್ಟು ಕೊಡುವುದರ ಮೂರೂವರೆ ಪಟ್ಟಿಗಿಂತ ಜಾಸ್ತಿ. ಹೇಳಿದ ಕೋನಕ್ಕೆ ತೋಳು ತಿರುಗಿಸಿ ನಿಲ್ಲುವ ಚಿಕ್ಕ ಸರ್ವೊ ಮೋಟರ್ ಇನ್ನೂ ಮೋಸಗಾರ. ಸುಮ್ನೆ ನಿಂತಾಗ ಹೆಚ್ಚೇನೂ ತಿನ್ನುವುದಿಲ್ಲ, ತೋಳು ಎಲ್ಲಾದರೂ ಸಿಕ್ಕಿಕೊಂಡರೆ ಒಂದೇ ಸಲಕ್ಕೆ 500 ದಾಟಬಹುದು. ವೈಫೈ ಇರುವ ಇಎಸ್‌ಪಿ32 ಬೋರ್ಡ್ ಕೂಡ ಹೀಗೆಯೇ. ಸಿಗ್ನಲ್ ಕಳಿಸುವ ಆ ಕ್ಷಣಕ್ಕೆ ಅದರ ಹಸಿವು ಹಲವು ಪಟ್ಟು ಏರುತ್ತದೆ. ಅದಕ್ಕೇ ಬಜೆಟ್ಟಿನಲ್ಲಿ ಬರೆಯಬೇಕಾದದ್ದು ಸರಾಸರಿಯನ್ನಲ್ಲ, ಅತಿ ಹೆಚ್ಚು ಎಳೆಯುವ ಕ್ಷಣದ ಅಂಕಿಯನ್ನು.

ಲೆಕ್ಕ ತಪ್ಪಿದರೆ ಸಾಮಾನ್ಯವಾಗಿ ಹೊಗೆ ಬರುವುದಿಲ್ಲ. ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ, ಬೋರ್ಡ್ ರೀಸೆಟ್ ಆಗುತ್ತದೆ, ಪ್ರೋಗ್ರಾಂ ಮೊದಲಿನಿಂದ ಓಡುತ್ತದೆ. ಕೆಲವೊಮ್ಮೆ ಲ್ಯಾಪ್‌ಟಾಪ್ ತೋರಿಸುವ ಪೋರ್ಟುಗಳ ಪಟ್ಟಿಯಿಂದ ಬೋರ್ಡೇ ಮಾಯ. ಇಎಸ್‌ಪಿ32 ಆದರೆ ಸೀರಿಯಲ್ ಮಾನಿಟರಿನಲ್ಲಿ, ಅಂದರೆ ಬೋರ್ಡ್ ಕಳಿಸುವ ಮಾತು ಲ್ಯಾಪ್‌ಟಾಪಿನಲ್ಲಿ ಕಾಣುವ ಕಿಟಕಿಯಲ್ಲಿ, ‘ಬ್ರೌನ್‌ಔಟ್’ (ವೋಲ್ಟೇಜ್ ಕುಸಿತ) ಎಂದು ನೇರವಾಗಿ ಬರೆದು ಹೇಳುತ್ತದೆ. ಊನೊಗೆ ಅಷ್ಟು ಮಾತು ಬರುವುದಿಲ್ಲ. ಹಾಗಾಗಿ ಪಾಪ, ಹುಡುಗರು ರಾತ್ರಿಯೆಲ್ಲ ಕೂತು ಕೋಡಿನಲ್ಲಿ ತಪ್ಪು ಹುಡುಕುತ್ತಾರೆ.

ಬಜೆಟ್ ಸರಿದೂಗಿಸುವುದು ಕಷ್ಟವಲ್ಲ. ಎಲ್‌ಇಡಿಯ ಹೊಳಪನ್ನು ಕೋಡಿನಲ್ಲೇ ಆರನೇ ಒಂದು ಭಾಗಕ್ಕೆ ಇಳಿಸಿ. ರೂಮಿನೊಳಗೆ ಅಷ್ಟು ಸಾಕು, ಪೂರ್ತಿ ಬಿಳಿ ಕಣ್ಣಿಗೂ ಹಿತವಲ್ಲ. ಮೋಟರಿದ್ದರೆ ಅದಕ್ಕೆ ಬೇರೆ ಪವರ್ ಬ್ಯಾಂಕ್ ಕೊಡಿ. ಆಗ ಪವರ್ ಬ್ಯಾಂಕಿನ ಗ್ರೌಂಡನ್ನೂ (ಮೈನಸ್ ವೈರು) ಬೋರ್ಡಿನ ಗ್ರೌಂಡನ್ನೂ ಕೂಡಿಸಲೇಬೇಕು, ಇಲ್ಲದಿದ್ದರೆ ಬೋರ್ಡ್ ಹೇಳಿದ್ದು ಸರ್ವೊಗೆ ಸರಿಯಾಗಿ ತಲುಪುವುದಿಲ್ಲ. 5 ವೋಲ್ಟಿನ ವೈರುಗಳನ್ನು ಮಾತ್ರ ಕೂಡಿಸಬೇಡಿ. ಪವರ್ ಬ್ಯಾಂಕಿನ ಕರೆಂಟ್ ಹಿಮ್ಮುಖವಾಗಿ ಲ್ಯಾಪ್‌ಟಾಪ್ ಕಡೆ ನುಗ್ಗುವ ಅಪಾಯವಿದೆ. ಇನ್ನೊಂದು ಮಾತು: ಚೌಕದ 9 ವೋಲ್ಟ್ ಬ್ಯಾಟರಿಯನ್ನು ಮೋಟರಿಗೆ ಹಾಕುವ ಯೋಚನೆ ಬಿಡಿ. ಅದು ಹೊಗೆ ಅಲಾರಂನಂಥ ಸಣ್ಣ ಹಸಿವಿನ ಸಾಮಾನಿಗೆ ಮಾಡಿದ್ದು. ಸುಮ್ನೆ ದುಡ್ಡು ದಂಡ.

ಅಂಕಿಗಳನ್ನು ನಂಬದವರು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದಾಗ ಒಂದು ಯುಎಸ್‌ಬಿ ಮೀಟರ್ ತೆಗೆದುಕೊಳ್ಳಿ. ಪೋರ್ಟಿಗೂ ಕೇಬಲ್ಲಿಗೂ ನಡುವೆ ಸಿಕ್ಕಿಸಿದರೆ ವೋಲ್ಟೇಜೂ ಕರೆಂಟೂ ಕಣ್ಣೆದುರೇ ಕಾಣುತ್ತವೆ. ತೀರಾ ಕ್ಷಣಿಕ ಏರಿಕೆಯನ್ನು ಅದು ಹಿಡಿಯಲಾರದು, ಆದ್ದರಿಂದ 500ರಲ್ಲಿ ನೂರನ್ನಾದರೂ ಕೈಯಲ್ಲಿ ಉಳಿಸಿಕೊಳ್ಳಿ. ಕೇಬಲ್ ಗಿಡ್ಡದ್ದು, ದಪ್ಪದ್ದು ಇರಲಿ. ಸಪೂರ, ಉದ್ದ ಕೇಬಲ್ಲಿನಲ್ಲಿ ವೋಲ್ಟೇಜ್ ದಾರಿಯಲ್ಲೇ ಇಳಿಯುತ್ತದೆ. ಬರೀ ಚಾರ್ಜಿಂಗಿಗೆ ಮಾಡಿದ ಕೇಬಲ್ಲಿನಲ್ಲಿ ಡೇಟಾ ವೈರೇ ಇರುವುದಿಲ್ಲ, ಬೋರ್ಡಿನ ಲೈಟ್ ಹತ್ತಿದರೂ ಲ್ಯಾಪ್‌ಟಾಪಿಗೆ ಅದು ಕಾಣುವುದಿಲ್ಲ.

ಈಗ ಡಬ್ಬಿ. ಪ್ಲಾಸ್ಟಿಕ್ಕಿನದು ಯಾವುದಾದರೂ ಆದೀತು, ಸ್ಟೀಲಿನದು ಬೇಡ, ಬೋರ್ಡಿನ ಅಡಿಯ ಬೆಸುಗೆ ತಾಗಿ ಶಾರ್ಟ್ ಆಗುತ್ತದೆ. ಬೋರ್ಡನ್ನು ಸ್ಕ್ರೂ ಹಾಕಿ ಕೂರಿಸಿ, ಕೇಬಲ್ಲನ್ನು ಡಬ್ಬಿಯ ಅಂಚಿಗೆ ಬಿಗಿಯಿರಿ. ಬಿಎಂಟಿಸಿ ಬಸ್ಸಿನ ಕುಲುಕಾಟಕ್ಕೆ ಬ್ರೆಡ್‌ಬೋರ್ಡಿನ ಜಂಪರ್ ವೈರು ತಡೆಯುವುದಿಲ್ಲ. ಪ್ರಾಜೆಕ್ಟ್ ಇನ್ನು ಬದಲಾಗುವುದಿಲ್ಲ ಅನ್ನಿಸಿದ ಮೇಲೆ ಸಾಲು ಸಾಲು ತೂತುಗಳಿರುವ ಡಾಟ್ ಪಿಸಿಬಿಗೆ ಬೆಸುಗೆ ಹಾಕುವುದೇ ಮೇಲು. ಮತ್ತೆ, ಲ್ಯಾಪ್‌ಟಾಪ್ ಮುಚ್ಚಿದರೆ ಹಲವು ಮಾದರಿಗಳಲ್ಲಿ ಪೋರ್ಟಿನ ಕರೆಂಟೂ ನಿಲ್ಲುತ್ತದೆ. ರಾತ್ರಿಯಿಡೀ ಅಳತೆ ದಾಖಲಿಸುವ ಯೋಜನೆ ಇದ್ದರೆ ಸ್ಲೀಪ್ ಸೆಟ್ಟಿಂಗ್ ಮೊದಲೇ ಬದಲಿಸಿಡಿ.