ಮಂಪರಿನ ಮದ್ದು ಮತ್ತು ಎರಡು ಬಗೆಯ ನೆನಪು

ಎಂಡೋಸ್ಕೋಪಿ ಮುಗಿದು ಅರ್ಧ ಗಂಟೆಯಾಗಿತ್ತು. ‘ಯಾವಾಗ ಶುರು ಮಾಡ್ತೀರಿ ಡಾಕ್ಟ್ರೇ?’ ಎಂದು ಅರವತ್ತು ದಾಟಿದ ಆ ತಾಯಿ ಕೇಳಿದರು. ಕೈಯ ರಕ್ತನಾಳಕ್ಕೆ ಮಂಪರು ತರಿಸುವ ಮಿಡಜೋಲಾಮ್ 2 ಮಿಲಿಗ್ರಾಂ ಕೊಟ್ಟ ಮೇಲೂ ಅವರು, ‘ಎಡಕ್ಕೆ ಹೊರಳಿ’ ಎಂದರೆ ಹೊರಳಿದ್ದರು, ‘ನುಂಗಿ ಅಮ್ಮ’ ಎಂದರೆ ನುಂಗಿದ್ದರು. ಬೆಳಿಗ್ಗೆ ಮನೆ ಬಿಟ್ಟಿದ್ದು, ಸೂಜಿ ಚುಚ್ಚಿಸಿಕೊಂಡಿದ್ದು ನೆನಪಿದೆ, ಆಮೇಲಿನದು ಇಲ್ಲ.

ಮದ್ದು ನೆನಪನ್ನು ಅಳಿಸಿತು ಎಂದು ಮನೆಯವರು ಹೇಳುವುದುಂಟು. ಅಳಿಸಲು ಅಲ್ಲಿ ಬರೆದದ್ದೇ ಇರುವುದಿಲ್ಲ. ಮಿಡಜೋಲಾಮ್, ಡಯಾಜೆಪಾಮ್, ಲೋರಾಜೆಪಾಮ್ ಮುಂತಾದ ಬೆಂಜೊಡಯಾಜೆಪಿನ್‌ಗಳು ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಹೆಚ್ಚಿಸಿ ನರಕೋಶಗಳ ಚಟುವಟಿಕೆಯನ್ನು ತಗ್ಗಿಸುತ್ತವೆ. ಹೊಸ ಅನುಭವವನ್ನು ಬಾಳುವ ನೆನಪಾಗಿ ನೆಲೆಗೊಳಿಸುವ, ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ನ ಕೆಲಸವೂ ಆಗ ಕುಂಟುತ್ತದೆ. ಚುಚ್ಚುಮದ್ದಿಗೆ ಮೊದಲಿನ ನೆನಪುಗಳಿಗೆ ಸಾಮಾನ್ಯವಾಗಿ ಧಕ್ಕೆಯಾಗುವುದಿಲ್ಲ.

ಹೀಗೆ ಕೈತಪ್ಪುವುದು ಮುಖ್ಯವಾಗಿ ನಾವು ಅರಿತು ಹೇಳಬಲ್ಲ ನೆನಪು. ಅರಿವಿಗೆ ಬಾರದೆ ಕೆಲಸ ಮಾಡುವ ಇನ್ನೊಂದು ಬಗೆಯಿದೆ. 1953ರಲ್ಲಿ ಅಪಸ್ಮಾರಕ್ಕಾಗಿ ಶಸ್ತ್ರಚಿಕಿತ್ಸೆಗೊಳಗಾಗಿ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗ ಕಳೆದುಕೊಂಡ ಅಮೆರಿಕದ ಹೆನ್ರಿ ಮೊಲೈಸನ್, ಕನ್ನಡಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವುದರಲ್ಲಿ ದಿನದಿಂದ ದಿನಕ್ಕೆ ಪಳಗಿದರು. ಆದರೆ ಹಿಂದೆಂದೂ ಆ ಕೆಲಸ ಮಾಡಿದ ನೆನಪು ಅವರಿಗಿರಲಿಲ್ಲ.

ಮದ್ದಿನ ಪರೀಕ್ಷೆಗಳನ್ನು ಕನ್ನಡದಲ್ಲಿ ವಿವರಿಸುವುದಾದರೆ, ಡಯಾಜೆಪಾಮ್ ಪಡೆದವರಿಗೆ ‘ಮರಳು’ ಎಂಬ ಪದ ತೋರಿಸಿ ಆಮೇಲೆ ಕೇಳಿದರೆ ಜ್ಞಾಪಕವಿಲ್ಲ ಎನ್ನಬಹುದು. ಆದರೆ ‘ಮರ’ ಎಂದು ಬರೆದು ಪೂರ್ತಿ ಮಾಡಿ ಎಂದರೆ ‘ಮರಣ’, ‘ಮರವೆ’ಗಿಂತ ‘ಮರಳು’ ಎಂದು ತುಂಬುವ ಸಂಭವ ಹೆಚ್ಚು. ಅದೇ ಕುಟುಂಬದ ಲೋರಾಜೆಪಾಮ್, ಪರಿಣಾಮ ಉತ್ತುಂಗದಲ್ಲಿದ್ದಾಗ, ಈ ಅರಿಯದ ನೆನಪನ್ನೂ ಕುಗ್ಗಿಸುತ್ತದೆ. ಆದ್ದರಿಂದ ಮಂಪರಿನ ಮದ್ದುಗಳೆಲ್ಲ ಒಂದೇ ಎನ್ನಲಾಗದು.

ಗಾಢ ಅರಿವಳಿಕೆಯಲ್ಲಿ ಕಿವಿಗೆ ಬಿದ್ದದ್ದು ಹೀಗೆ ಉಳಿಯುತ್ತದೆಯೇ ಎಂಬ ಬಗ್ಗೆ ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಆದರೂ ರೋಗಿಯ ತಲೆಯ ಬಳಿ ಹಗುರವಾಗಿ ಮಾತಾಡುವವರನ್ನು ನಾನು ಸುಮ್ಮನಿರಿಸುತ್ತೇನೆ. ನೆನಪಿಲ್ಲ ಎಂದ ಮಾತ್ರಕ್ಕೆ ನೋವಾಗಲಿಲ್ಲ ಎಂದೂ ಅಲ್ಲ: ಮಿಡಜೋಲಾಮ್ ನೋವುನಿವಾರಕವಲ್ಲ, ನೋವಿಗೆ ಬೇರೆ ಮದ್ದು ಕೊಡಲೇಬೇಕು.

ವೃತ್ತಿಯ ಆರಂಭದಲ್ಲಿ ನಾನೂ ಎಡವಿದ್ದೆ. ಕಣ್ಣು ಬಿಟ್ಟು ತಲೆಯಾಡಿಸುತ್ತಿದ್ದ ರೋಗಿಯೊಬ್ಬರಿಗೆ ಪಥ್ಯವನ್ನೆಲ್ಲ ವಿವರಿಸಿ ಕಳಿಸಿದೆ. ಮರುದಿನ ಅವರ ಮಗ ಬಂದು, ಯಾರೂ ಏನೂ ಹೇಳಲಿಲ್ಲ ಎಂದು ರೇಗಿದರು. ಈಗ ಜೊತೆಗೆ ಬಂದವರನ್ನು ಕೂರಿಸಿಕೊಂಡು ಹೇಳುತ್ತೇನೆ, ಚೀಟಿಯಲ್ಲೂ ಬರೆದುಕೊಡುತ್ತೇನೆ. 24 ಗಂಟೆ ಗಾಡಿ ಓಡಿಸಬೇಡಿ, ಆಸ್ತಿಪತ್ರಕ್ಕೆ ಸಹಿ ಹಾಕಬೇಡಿ ಎಂಬುದೂ ಅದರಲ್ಲಿರುತ್ತದೆ. ಮೊನ್ನೆಯ ಆ ತಾಯಿ ಚೀಟಿಯನ್ನು ಮಡಿಸಿ ಸೊಸೆಯ ಕೈಗಿತ್ತು, ಮೂರನೆಯ ಸಲ ಕೇಳಿದರು: ‘ಮಾತ್ರೆ ಊಟಕ್ಕೆ ಮುಂಚೆನಾ, ಆಮೇಲಾ?’