ಹರ್ಮಿಯಾಳ ಪ್ರೀತಿಗೆ ಅಡ್ಡ ಬಂದದ್ದು ಯಾರು?

ಪ್ರಶ್ನೆ: ಶೇಕ್ಸ್‌ಪಿಯರ್‌ನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಹರ್ಮಿಯಾ ಪ್ರೀತಿಸುವ ಲೈಸಾಂಡರ್‌ಗೂ ಅವಳನ್ನು ಬಯಸುವ ಡಿಮೀಟ್ರಿಯಸ್‌ಗೂ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಆದರೂ ಹರ್ಮಿಯಾಳ ತಂದೆ ಡಿಮೀಟ್ರಿಯಸ್ಸೇ ಅಳಿಯನಾಗಬೇಕೆಂದು ಪಟ್ಟು ಹಿಡಿಯುವುದೇಕೆ? ಪ್ರೇಮಿಗಳಿಗೆ ನಿಜವಾದ ಅಡ್ಡಿ ಯಾವುದು?

ಉತ್ತರ: ವ್ಯತ್ಯಾಸವಿಲ್ಲ ಎಂಬುದನ್ನು ನಾಟಕವೇ ಬಾಯಿಬಿಟ್ಟು ಹೇಳುತ್ತದೆ. ಕುಲದಲ್ಲಿ, ಆಸ್ತಿಯಲ್ಲಿ ನಾನು ಅವನಿಗೆ ಸಮ, ಪ್ರೀತಿಯಲ್ಲಿ ಅವನಿಗಿಂತ ಒಂದು ಕೈ ಮೇಲು ಎಂದು ಲೈಸಾಂಡರ್ ಮೊದಲ ಅಂಕದಲ್ಲೇ ಅಥೆನ್ಸ್‌ನ ದೊರೆ ಥೀಸಿಯಸ್‌ನ ಎದುರು ನಿಂತು ಹೇಳುತ್ತಾನೆ. ಯಾರೂ ಅಲ್ಲಗಳೆಯುವುದಿಲ್ಲ. ತಂದೆ ಈಜಿಯಸ್‌ನ ವಾದ ಒಂದೇ: ಮಗಳು ನನ್ನವಳು, ಯಾರಿಗೆ ಕೊಡಬೇಕೆಂಬುದು ನನ್ನ ಹಕ್ಕು. ಅವನು ದೂರುವುದಾದರೂ ಏನನ್ನು? ಲೈಸಾಂಡರ್ ಬೆಳದಿಂಗಳಲ್ಲಿ ಕಿಟಕಿಯ ಕೆಳಗೆ ಹಾಡಿದ್ದು, ಅವನು ಕೊಟ್ಟ ಕೂದಲು ಹೆಣೆದ ಬಳೆ, ಉಂಗುರ, ಹೂಗೊಂಚಲು, ಸಿಹಿತಿಂಡಿ. ಇಷ್ಟರಿಂದಲೇ ಮಗಳಿಗೆ ಮಾಟವಾಯಿತು ಎನ್ನುತ್ತಾನೆ.

ನನ್ನ ಉತ್ತರ ಹರ್ಮಿಯಾಳ ಒಂದು ಮಾತಿನಲ್ಲಿದೆ. ‘ನನ್ನ ತಂದೆ ನನ್ನ ಕಣ್ಣಿನಿಂದ ನೋಡುವಂತಿದ್ದರೆ’ ಎಂದು ಅವಳು ಹಂಬಲಿಸುತ್ತಾಳೆ. ‘ನಿನ್ನ ಕಣ್ಣೇ ಅವರ ವಿವೇಕದಿಂದ ನೋಡಬೇಕು’ ಎಂದು ಥೀಸಿಯಸ್ ಮಾತನ್ನು ತಿರುಗಿಸುತ್ತಾನೆ. ಒಪ್ಪದಿದ್ದರೆ ಕಾನೂನಿನ ಪ್ರಕಾರ ಸಾವು, ಇಲ್ಲವೇ ಜೀವನವಿಡೀ ಸಂನ್ಯಾಸ. ಅಮಾವಾಸ್ಯೆ ಕಳೆದು ಹೊಸ ಚಂದ್ರ ಕಾಣುವವರೆಗೆ ಗಡುವು, ಅದೇ ದಿನ ದೊರೆಯ ಮದುವೆ. ಇಬ್ಬರೇ ಉಳಿದಾಗ ಲೈಸಾಂಡರ್ ಪ್ರೀತಿಯ ಕಂಟಕಗಳನ್ನು ಒಂದೊಂದಾಗಿ ಎಣಿಸುತ್ತಾನೆ: ಕುಲದ ಅಂತರ, ವಯಸ್ಸಿನ ಅಂತರ, ಬಂಧುಗಳ ಆಯ್ಕೆ. ಮೊದಲೆರಡೂ ಇವರಿಗೆ ಇಲ್ಲ. ಮೂರನೆಯದನ್ನು ಕೇಳಿ ಹರ್ಮಿಯಾ ಉದ್ಗರಿಸುತ್ತಾಳೆ: ಬೇರೆಯವರ ಕಣ್ಣಿನಿಂದ ಪ್ರೀತಿಯನ್ನು ಆರಿಸುವುದೇ, ಅದು ನರಕ!

ಇಷ್ಟಾದ ಮೇಲೆ ಇಬ್ಬರೂ ಕಾಡಿಗೆ ಓಡಿಹೋಗುತ್ತಾರೆ. ಅಲ್ಲಿ ಪಕ್ ಎಂಬ ತುಂಟ ಯಕ್ಷ, ಎಚ್ಚರವಾದಾಗ ಮೊದಲು ಕಂಡವರ ಮೇಲೆ ಮೋಹ ಹುಟ್ಟಿಸುವ ಹೂವಿನ ರಸವನ್ನು ಎಲ್ಲಿಗೆ ಹಚ್ಚುತ್ತಾನೆ ಎಂಬುದನ್ನು ಗಮನಿಸಿ. ಕಣ್ಣಿಗೇ. ಆಳು ತಪ್ಪಿ ಲೈಸಾಂಡರ್‌ನ ರೆಪ್ಪೆಗೆ ಬಿದ್ದ ರಸ, ಅವನು ಎಚ್ಚರಗೊಂಡು ಮೊದಲು ಕಂಡ, ಹರ್ಮಿಯಾಳ ಗೆಳತಿ ಹೆಲೆನಾಳ ಕಡೆಗೆ ಅವನನ್ನು ಎಳೆಯುತ್ತದೆ. ಆಗ ಅವನು ಕೊಡುವ ಕಾರಣ ನನ್ನನ್ನು ಪ್ರತಿ ಓದಿನಲ್ಲೂ ಬೆಚ್ಚಿಸುತ್ತದೆ. ಮನುಷ್ಯನ ಇಚ್ಛೆಯನ್ನು ನಡೆಸುವುದು ವಿವೇಕ, ಆ ವಿವೇಕವೇ ನೀನು ಹೆಚ್ಚು ಯೋಗ್ಯಳೆಂದು ಹೇಳುತ್ತಿದೆ, ಎನ್ನುತ್ತಾನೆ! ದೊರೆ ತಂದೆಯ ಪರವಾಗಿ ಎತ್ತಿದ್ದ ವಿವೇಕದ ಮಾತನ್ನೇ ಈಗ ಮದ್ದು ತಲೆಗೇರಿದ ಪ್ರೇಮಿ ಆಡುತ್ತಿದ್ದಾನೆ. ಕಾಡಿನ ಜಗಳದಲ್ಲಿ ಹರ್ಮಿಯಾ ಉದ್ದನೆಯ ಹೆಲೆನಾಳಿಗೆ, ನಾನು ಕುಳ್ಳಿಯಾದರೂ ನನ್ನ ಉಗುರು ನಿನ್ನ ಕಣ್ಣಿಗೆ ಎಟುಕುತ್ತದೆ ಎಂದು ಸಿಡಿಯುತ್ತಾಳೆ. ಅಲ್ಲಿಯೂ ಕಣ್ಣೇ.

ಕಾನೂನಿನ ಪಾಡು ಇನ್ನೂ ವಿಚಿತ್ರ. ಇದನ್ನು ಸಡಿಲಿಸುವುದು ನನ್ನಿಂದಾಗದು ಎಂದಿದ್ದ ಥೀಸಿಯಸ್, ನಾಲ್ಕನೆಯ ಅಂಕದಲ್ಲಿ ಈಜಿಯಸ್‌ನ ಇಚ್ಛೆಯನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತಾನೆ. ಈ ನಡುವೆ ಬದಲಾದದ್ದೇನು? ಕಣ್ಣಿಗೆ ಅದೇ ರಸ ಬಿದ್ದ ಡಿಮೀಟ್ರಿಯಸ್ ತನ್ನ ಹಳೆಯ ಪ್ರೇಯಸಿ ಹೆಲೆನಾಳ ಕಡೆಗೆ ಮರಳಿದ್ದಾನೆ, ಅಷ್ಟೇ. ಹರ್ಮಿಯಾ ಮೊದಲ ದಿನ ಹೇಳಿದ್ದನ್ನೇ ಕೊನೆಗೂ ಹೇಳಬೇಕಾಗಿತ್ತು, ಆದರೆ ಅವಳನ್ನು ಯಾರೂ ಕೇಳುವುದೇ ಇಲ್ಲ. ಗಂಡಸೊಬ್ಬ ಬೇಡವೆಂದ ಮೇಲೆ ಅವಳ ದಾರಿ ತೆರೆಯಿತು. ಲೈಸಾಂಡರ್‌ನ ಕಣ್ಣಿನ ರಸವನ್ನು ಪಕ್ ಇಳಿಸುತ್ತಾನೆ. ಡಿಮೀಟ್ರಿಯಸ್‌ನ ಕಣ್ಣಿನದು ಹಾಗೇ ಉಳಿಯುತ್ತದೆ. ಸುಖಾಂತವೆಂದು ನಾವು ಚಪ್ಪಾಳೆ ತಟ್ಟುವ ಈ ಪ್ರೇಮಿಗಳ ಎರಡು ಮದುವೆಗಳಲ್ಲಿ ಒಂದು ಆ ರಸದ ಮೇಲೆಯೇ ನಿಂತಿದೆ.

ಕೊನೆಯ ಅಂಕದಲ್ಲಿ ಕುಶಲಕರ್ಮಿಗಳು ಮದುವೆಯ ಸಭೆಯ ಮುಂದೆ, ತಂದೆಯರ ವಿರೋಧದಿಂದ ಗೋಡೆಯ ಆಚೀಚೆ ಉಳಿದ ಪ್ರೇಮಿಗಳಾದ ಪಿರಮಸ್ ಮತ್ತು ಥಿಸ್ಬಿಯ ಕಥೆಯನ್ನು ಆಡುತ್ತಾರೆ. ಪಾತ್ರೆ ರಿಪೇರಿ ಮಾಡುವ ಸ್ನೌಟ್ ಸುಣ್ಣ, ಮಣ್ಣು ಮೆತ್ತಿಕೊಂಡು ಗೋಡೆಯಾಗಿ ನಿಂತು, ಬಿರುಕೆಂದು ಬೆರಳುಗಳನ್ನು ಅಗಲಿಸಿ ಹಿಡಿಯುತ್ತಾನೆ. ಪ್ರೇಮಿಗಳು ಅದರಲ್ಲೇ ಪಿಸುಗುಟ್ಟಬೇಕು. ಇಬ್ಬರೂ ಸತ್ತ ಮೇಲೆ ಪಿರಮಸ್ ವೇಷದ ನೇಕಾರ ಬಾಟಮ್ ಎದ್ದು ಕುಳಿತು, ‘ಇವರ ತಂದೆಯರ ನಡುವಿನ ಗೋಡೆ ಬಿದ್ದುಹೋಯಿತು’ ಎಂದು ಸಭೆಗೆ ಭರವಸೆ ಕೊಡುತ್ತಾನೆ. 1600ರ ಮುದ್ರಣದಲ್ಲಿ ಈ ಅಂಕದಲ್ಲಿ ಈಜಿಯಸ್ ಇಲ್ಲ. 1623ರ ಮುದ್ರಣದಲ್ಲಿ ಇದ್ದಾನೆ. ಮಗಳು, ಅಳಿಯ ಕುಳಿತ ಸಭೆಯಲ್ಲೇ ಇದ್ದು ಈ ಮಾತನ್ನು ಕೇಳಿಸಿಕೊಳ್ಳುತ್ತಾನೆ.